ಕೇಪಿನ ಬಂದೂಕಿಗೆ ಹೊಸ ನಳಿಕೆ, ಮೇಲೊಂದು ಸ್ಕೋಪ್: ಕೈ ಹಾಕೋ ಮುಂಚೆ ಇದಿಷ್ಟು ಓದ್ರಿ

ಗೋವಿನಜೋಳ ಹಾಲುಗಾಳು ಕಟ್ಟೋ ಹೊತ್ತಿಗೆ ನನ್ನ ಫೋನಿಗೆ ಬರೋ ಪ್ರಶ್ನೆಗಳು ಬದಲಾಗುತ್ತವೆ. ಅಲ್ಲಿತನಕ ಲದ್ದಿಹುಳು, ಯೂರಿಯಾ ಅಂತ ಕೇಳ್ತಿದ್ದವರು ಆಮೇಲೆ ಹಂದಿ ಸುದ್ದಿ ತೆಗೀತಾರೆ. ಹಾನಗಲ್ಲಿನ ಪಶ್ಚಿಮಕ್ಕೆ ಮುಂಡಗೋಡ, ಶಿರಸಿ ಕಡೆಯ ಕಾಡು. ಹಿರೇಕೆರೂರಿನ ಪಕ್ಕದಲ್ಲೇ ಶಿಕಾರಿಪುರ. ಶಿಗ್ಗಾಂವಿಯಲ್ಲಿ ಹಂದಿ ಜೊತೆಗೆ ನವಿಲು. ಸವಣೂರು ಕಡೆ ಶೇಂಗಾ ಬಿತ್ತಿದ ದಿನದಿಂದಲೇ ಕಾವಲು ಶುರು. ಹೀಗಾಗಿ ಮನೆ ಅಟ್ಟದ ಮೇಲಿನ ಅಜ್ಜನ ಕಾಲದ ಬಂದೂಕು ಕೆಳಗಿಳಿಯುತ್ತದೆ.

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತರಹದವು. “ಅಣ್ಣಾರ, ಬಂದೂಕಿನ ನಳಿಕಿ ಒಳಗ ತುಕ್ಕು ಹಿಡದೈತಿ, ಹೊಸಾದು ಹಾಕಸಬಹುದೇನ್ರಿ? ಮ್ಯಾಲೆ ಒಂದು ಸ್ಕೋಪ್ ಕೂಡ್ರಿಸಿದ್ರ ರಾತ್ರಿ ಗುರಿ ಚಲೋ ಸಿಗತೈತೇನ್ರಿ?” ಅಂತ. ಕೆಳಗೆ ಅಮೆರಿಕದ ಯಾರೋ ಒಬ್ಬರ ವಿಡಿಯೊ ಲಿಂಕ್.

ಉತ್ತರ ಮೊದಲೇ ಹೇಳಿಬಿಡ್ತೀನಿ. ನಳಿಕೆಯನ್ನು ನೀವಾಗಲಿ, ಊರಿನ ವೆಲ್ಡಿಂಗ್ ಅಂಗಡಿಯವರಾಗಲಿ ಬದಲಿಸೋ ಹಾಗಿಲ್ಲ. ಅದು ಅಪಾಯ, ಮೇಲಾಗಿ ದೊಡ್ಡ ಅಪರಾಧ. ಸ್ಕೋಪ್ ಹಾಕಿಸಿದರೆ ದುಡ್ಡು ದಂಡ, ಲಾಭ ಇಲ್ಲ. ಯಾಕೆ ಅಂತ ತಿಳಿದುಕೊಂಡರೆ ನಿಮ್ಮ ಕೈ, ಕಣ್ಣು, ಲೈಸೆನ್ಸ್ ಮೂರೂ ಉಳಿತಾವೆ. ಅದನ್ನೇ ಈ ವಾರ ಬಿಡಿಸಿ ಬರೀತಾ ಇದ್ದೇನೆ.

ವಿಡಿಯೊದಲ್ಲಿನ ಬಂದೂಕು ಬೇರೆ, ನಮ್ಮದು ಬೇರೆ

ಅಮೆರಿಕದಲ್ಲಿ ಬಾಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಜಿಂಕೆ ಬೇಟೆಯಾಡುವುದಕ್ಕೆ ಪ್ರತ್ಯೇಕ ಋತುವೇ ಇದೆ. ಕರಿಮದ್ದು ಬಳಸುವ ಇಂಥ ಬಂದೂಕುಗಳಲ್ಲಿ ಹೆಚ್ಚಿನವನ್ನು ಅಲ್ಲಿನ 1968ರ ಕೇಂದ್ರ ಕಾನೂನು ಹಳೇ ಮಾದರಿಯವು ಎಂದು ಪರಿಗಣಿಸಿ ಸಡಿಲ ಬಿಟ್ಟಿದೆ. ಹೀಗಾಗಿ ಬದಲಿ ನಳಿಕೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಒಂದೇ ಕಂಪನಿ ಒಂದೇ ಅಳತೆಯಲ್ಲಿ ಸಾವಿರಾರು ಬಂದೂಕು ಮಾಡಿರುತ್ತದೆ. ಹಳೇ ನಳಿಕೆ ಬಿಚ್ಚಿ ಹೊಸದನ್ನು ಕೂಡ್ರಿಸುವುದು ಟ್ರ್ಯಾಕ್ಟರ್ ಬಿಡಿಭಾಗ ಬದಲಿಸಿದಷ್ಟೇ ಸಲೀಸು ಕಾಣುತ್ತದೆ.

ನಮ್ಮಲ್ಲಿ ಹಾಗಿಲ್ಲ ನೋಡ್ರಿ. ನಮ್ಮ ಕೇಪಿನ ಬಂದೂಕುಗಳು ಬೇರೆ ಬೇರೆ ಕಡೆ, ಬೇರೆ ಬೇರೆ ಕೈಯಲ್ಲಿ ತಯಾರಾದವು. ಒಂದರ ತಿರುಪು ಇನ್ನೊಂದಕ್ಕೆ ಕೂಡುವುದಿಲ್ಲ. ಇನ್ನೂ ಒಂದು ದೊಡ್ಡ ವ್ಯತ್ಯಾಸ ಇದೆ. ವಿಡಿಯೊದಲ್ಲಿ ಇರೋದು ರೈಫಲ್. ನಿಮ್ಮ ಲೈಸೆನ್ಸ್ ಪುಸ್ತಕ ತೆರೆದು ನೋಡಿ, ಆಯುಧದ ವಿವರದ ಜಾಗದಲ್ಲಿ ‘ಎಸ್‌ಬಿಎಂಎಲ್’ ಅಂತ ಇರುತ್ತದೆ. ಒಂದೇ ನಳಿಕೆಯ, ಬಾಯಿಂದ ತುಂಬುವ ಬಂದೂಕು ಅಂತ ಅದರ ಅರ್ಥ. ಎರಡು ನಳಿಕೆ ಇದ್ದರೆ ‘ಡಿಬಿಎಂಎಲ್’. ಎರಡೂ ರೈಫಲ್ ಅಲ್ಲ.

ರೈಫಲ್ಲಿನ ನಳಿಕೆಯ ಒಳಗೆ ತಿರುಚಿದ ಗೀರುಗಳಿರುತ್ತವೆ. ಗುಂಡು ಆ ಗೀರು ಹಿಡಿದು ಬುಗುರಿಯಂತೆ ತಿರುಗುತ್ತಾ ಹೊರಬರುತ್ತದೆ, ಅದಕ್ಕೇ ದೂರದವರೆಗೂ ನೆಟ್ಟಗೆ ಹೋಗುತ್ತದೆ. ನಮ್ಮದು ನುಣುಪು ನಳಿಕೆ. ಗುಂಡು ತಿರುಗದೆ, ಒಳಗೋಡೆಗೆ ಅಲ್ಲಲ್ಲಿ ತಾಗುತ್ತಾ ಬರುತ್ತದೆ. ಹೊರಗೆ ಬಂದ ಮೇಲೆ ಎತ್ತ ವಾಲುತ್ತದೆ ಅನ್ನೋದು ಪ್ರತಿ ಸಲ ಬೇರೆ. ನಲವತ್ತು–ಐವತ್ತು ಮೀಟರ್ ದಾಟಿದ ಮೇಲೆ ಒಂಟಿ ಗುಂಡಿನ ಗುರಿಗೆ ಭರವಸೆ ಇಲ್ಲ. ಚರೆ ತುಂಬಿದರೆ ಅದಕ್ಕಿಂತಲೂ ಮೊದಲೇ ಹರಡಿ ಹೋಗುತ್ತದೆ. ಇದು ಬಂದೂಕಿನ ದೋಷ ಅಲ್ಲ. ಹೊಲದ ಬದುವಿನಿಂದ ಹತ್ತಿರದ ಪ್ರಾಣಿಯನ್ನು ಬೆದರಿಸುವುದಕ್ಕೆ ಅಂತಲೇ ಮಾಡಿದ ಸಾಧನ ಅದು.

ನಳಿಕೆ ಹಾಳಾಗೋದು ಎಲ್ಲಿಂದ?

ಕರಿಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗದೆ ಮಸಿ, ಉಪ್ಪಾಗಿ ಉಳಿಯುತ್ತದೆ. ಈ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾನಗಲ್ಲಿನಂಥ ಮಳೆ ಸೀಮೆಯಲ್ಲಿ ಒಂದು ಸಲ ಹಾರಿಸಿ ಹಾಗೇ ಗೋಡೆಗೆ ಒರಗಿಸಿ ಇಟ್ಟರೆ ಮಾರನೇ ದಿನವೇ ಒಳಗೆ ತುಕ್ಕು ಏಳುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಸಿಡುಬಿನ ಕಲೆಯಂತೆ ಗುಳಿ ಬೀಳುತ್ತವೆ.

ಗುಳಿ ಹೆಚ್ಚು ಬೀಳೋದು ಹಿಂಭಾಗದಲ್ಲಿ, ಅಂದರೆ ಮದ್ದು ಕೂಡ್ರುವ ಜಾಗದಲ್ಲಿ, ಕೇಪು ಇಡುವ ನಿಪ್ಪಲ್ಲಿನ ಬುಡದಲ್ಲಿ. ಒತ್ತಡ ಹೆಚ್ಚು ಬೀಳೋದೂ ಅಲ್ಲೇ. ನಿಮ್ಮ ಮುಖ ಇರೋದೂ ಅದರ ಹತ್ತಿರವೇ. ಹೊರಗಿನಿಂದ ಎಣ್ಣೆ ಒರೆಸಿ ಫಳಫಳ ಹೊಳೆಯುವ ನಳಿಕೆ ಒಳಗೆ ಅರ್ಧ ತಿಂದು ಹೋಗಿರಬಹುದು.

ನಮ್ಮ ಮನೆಯ ಬಂದೂಕನ್ನು ಲೈಸೆನ್ಸ್ ಇರುವ ಅಂಗಡಿಗೆ ಒಯ್ದಾಗ ಅವರು ಮೊದಲು ಮಾಡಿದ್ದು ಸಣ್ಣ ದೀಪ ಒಳಗೆ ಇಳಿಸಿ ನೋಡಿದ್ದು. “ಹೊರಗ ಏನೂ ಆಗಿಲ್ರಿ, ಒಳಗ ನಿಪ್ಪಲ್ ಬುಡದಾಗ ಗೋಡೆ ತೆಳುವಾಗೈತಿ. ಇದರಾಗ ಇನ್ನ ಮದ್ದು ಹಾಕಬ್ಯಾಡ್ರಿ” ಅಂದರು. ಅವತ್ತಿನಿಂದ ಆ ಬಂದೂಕಿಗೆ ಮದ್ದು ಹಾಕಿಲ್ಲ. ಮನೆಯಲ್ಲಿ ಕೂತು ಬರೀ ಕಣ್ಣಿನಿಂದ ನೋಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತೊಳೆಯೋದು, ಪರೀಕ್ಷಿಸೋದು: ಇಷ್ಟು ನೀವೇ ಮಾಡಬಹುದು

ನಿಮ್ಮ ಹೆಸರಿನಲ್ಲಿ ಚಾಲ್ತಿ ಲೈಸೆನ್ಸ್ ಇದ್ದರೆ ಮಾತ್ರ ಈ ಕೆಲಸ. ಇಲ್ಲದವರು ಬಂದೂಕು ಮುಟ್ಟೋದೇ ಬೇಡ.

1. ಮೊದಲು ಖಾಲಿ ಇದೆಯಾ ಅಂತ ನೋಡಿ. ನಿಪ್ಪಲ್ ಮೇಲೆ ಕೇಪು ಇರಬಾರದು. ಬಾಯಿಯನ್ನು ಯಾರೂ ಇಲ್ಲದ ದಿಕ್ಕಿಗೆ ಇಟ್ಟು, ಗಜವನ್ನು ಮೆಲ್ಲಗೆ ಒಳಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಗಜದ ಮೇಲೆ ಗುರುತು ಮಾಡಿ. ಆಮೇಲೆ ಅದೇ ಗಜವನ್ನು ನಳಿಕೆಯ ಹೊರಗೆ, ಗುರುತು ಬಾಯಿಗೆ ಸರಿಯಾಗಿ ಇಟ್ಟು ನೋಡಿ. ತುದಿ ನಿಪ್ಪಲ್ಲಿನ ಹತ್ತಿರಕ್ಕೆ ಬಂದರೆ ಖಾಲಿ. ಎರಡು–ಮೂರು ಬೆರಳು ಕಮ್ಮಿ ಬಿದ್ದರೆ ಒಳಗೆ ಏನೋ ಇದೆ. ಅಜ್ಜ ತುಂಬಿಟ್ಟ ಮದ್ದು ಹತ್ತಾರು ವರ್ಷದ ನಂತರವೂ ಸಿಡಿಯಬಲ್ಲದು.

2. ಒಳಗೆ ಏನಾದರೂ ಇದ್ದರೆ ಬಡಿಯಬೇಡಿ, ಕಾಯಿಸಬೇಡಿ, ಊದಬೇಡಿ. ಹಾಗೇ ಇಟ್ಟು ಲೈಸೆನ್ಸ್ ಇರುವ ಅಂಗಡಿಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ.

3. ಹಾರಿಸಿದ ದಿನವೇ ತೊಳೆಯಿರಿ. ಬರೀ ಎಣ್ಣೆಗೆ ಆ ಉಪ್ಪು ಕರಗುವುದಿಲ್ಲ, ಸೋಪಿನ ಬಿಸಿನೀರು ಬೇಕು. ಬಟ್ಟೆ ಸುತ್ತಿದ ಗಜದಿಂದ ನೀರು ತಿಳಿಯಾಗಿ ಬರುವ ತನಕ ತಿಕ್ಕಿ, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ ಸವರಿ.

4. ಮದ್ದು ಲೈಸೆನ್ಸ್ ಇರುವ ಅಂಗಡಿಯದ್ದೇ ಆಗಿರಲಿ. ತೋಟಾದಿಂದ ಬಿಚ್ಚಿದ ಹೊಗೆರಹಿತ ಮದ್ದು, ಪಟಾಕಿ ಮದ್ದು ಯಾವತ್ತೂ ಹಾಕಬಾರದು. ಅವುಗಳ ಒತ್ತಡ ತಡೆಯುವ ನಳಿಕೆ ಇದಲ್ಲ.

5. ಗುಂಡು ಅಥವಾ ಚರೆ ಮದ್ದಿನ ಮೇಲೆ ಸರಿಯಾಗಿ ಕೂತಿರಬೇಕು. ನಡುವೆ ಜಾಗ ಉಳಿದರೆ ನಳಿಕೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ತುಂಬಿದ್ದು ನೆನಪಿಲ್ಲದೆ ಎರಡನೇ ಸಲ ತುಂಬಿದರೂ ಅದೇ ಗತಿ.

6. ಕೇಪು ಸಿಡಿದು ಬಂದೂಕು ಹಾರದಿದ್ದರೆ ಬಾಯಿ ತಿರುಗಿಸಬೇಡಿ, ಇಣುಕಬೇಡಿ. ಕಮ್ಮಿ ಅಂದರೂ ಒಂದು ನಿಮಿಷ ಹಾಗೇ ಹಿಡಿದಿರಿ. ಒಳಗಿನ ಕಿಡಿ ತಡವಾಗಿ ಹತ್ತಿಕೊಳ್ಳುವುದುಂಟು.

ಇಷ್ಟನ್ನು ತಪ್ಪದೆ ಮಾಡಿದರೆ ಒಳ್ಳೆಯ ನಳಿಕೆ ಒಂದು ತಲೆಮಾರು ಬಾಳುತ್ತದೆ. ಹೊಸ ನಳಿಕೆಯ ಪ್ರಶ್ನೆ ಬರೋದೇ ತೊಳೆಯದೆ ಇಟ್ಟ ಮನೆಗಳಲ್ಲಿ.

ನಳಿಕೆ ಬದಲಿಸೋದು ಯಾಕೆ ಊರಿನ ಕೆಲಸ ಅಲ್ಲ

“ಕೊಳವಿ ತಾನೇ, ಹಾಕಿದ್ರ ಆತು” ಅನ್ನುವವರು ಇದ್ದಾರೆ. ನಳಿಕೆ ಕೊಳವೆಯಲ್ಲ. ಮದ್ದು ಹತ್ತಿದ ಕ್ಷಣದಲ್ಲಿ ಒಳಗಿನ ಒತ್ತಡ ಟ್ರ್ಯಾಕ್ಟರ್ ಟಯರಿನ ಗಾಳಿಗಿಂತ ನೂರಾರು ಪಟ್ಟು. ಅದನ್ನು ತಡೆಯಲು ಹಿಂಭಾಗದ ಗೋಡೆ ದಪ್ಪ, ಬಾಯಿಯ ಕಡೆ ತೆಳು ಇರುತ್ತದೆ. ಹಿಂತುದಿಯನ್ನು ಮುಚ್ಚುವ ಕಬ್ಬಿಣದ ಬಿರಡೆ ತಿರುಪಿನಿಂದ ಕೂತಿರುತ್ತದೆ. ಆ ತಿರುಪಿನ ಸುತ್ತು ಸವೆದಿದ್ದರೆ ಅಥವಾ ಕಮ್ಮಿ ಇದ್ದರೆ ಬಿರಡೆ ಗುಂಡಿನಂತೆ ಹಿಂದಕ್ಕೆ ಹಾರುತ್ತದೆ. ಹಿಂದೆ ಇರೋದು ನಿಮ್ಮ ಕಣ್ಣು.

ನೀರಿನ ಪೈಪು, ಹೈಡ್ರಾಲಿಕ್ ಪೈಪು, ಹಳೇ ಸ್ಟೀರಿಂಗ್ ರಾಡು ಹಾಕಿ ಮಾಡಿದ ನಾಡ ಬಂದೂಕಿನ ಸುದ್ದಿ ಪತ್ರಿಕೆಯಲ್ಲಿ ಓದಿರುತ್ತೀರಿ. ನೀರಿನ ಪೈಪನ್ನು ಸಾಮಾನ್ಯವಾಗಿ ತಗಡು ಮಡಚಿ ಉದ್ದಕ್ಕೂ ಬೆಸುಗೆ ಹಾಕಿ ಮಾಡಿರುತ್ತಾರೆ. ನೀರಿನ ಒತ್ತಡಕ್ಕೆ ಅದು ಸಾಕು, ಮದ್ದಿಗೆ ಸಾಲದು. ಮೊದಲ ಹತ್ತು ಸಲ ಏನೂ ಆಗದೆ ಹನ್ನೊಂದನೇ ಸಲ ಆ ಬೆಸುಗೆಯ ಗೆರೆಯಲ್ಲೇ ಸೀಳುತ್ತದೆ. ಹತ್ತು ಸಲ ಏನೂ ಆಗಲಿಲ್ಲ ಅನ್ನೋದು ಧೈರ್ಯ ಕೊಡುವ ಮಾತಲ್ಲ.

ಹಳೇ ನಳಿಕೆಗೇ ವೆಲ್ಡಿಂಗ್ ಮಾಡಿಸಿ ತೂತು ಮುಚ್ಚುವುದಂತೂ ಇನ್ನೂ ಕೆಟ್ಟದ್ದು. ಬೆಸುಗೆಯ ಕಾವಿಗೆ ಅಕ್ಕಪಕ್ಕದ ಲೋಹದ ಗುಣವೇ ಬದಲಾಗುತ್ತದೆ. ನೋಡಲು ಗಟ್ಟಿ, ಒಳಗೆ ಬಿರುಸು, ಒಡೆಯುವ ಸ್ವಭಾವ.

ನಳಿಕೆ ಕೂತ ಮೇಲೂ ಕೆಲಸ ಮುಗಿಯಲ್ಲ. ನಿಪ್ಪಲ್ಲಿನ ನೆತ್ತಿಗೆ ಹ್ಯಾಮರ್ ಸರಿಯಾಗಿ ಬಡಿಯಬೇಕು, ಓರೆ ಬಡಿದರೆ ಕೇಪಿನ ಚೂರು ಕಣ್ಣಿಗೆ ಸಿಡಿಯುತ್ತದೆ. ಕಟ್ಟಿಗೆಯ ಹಿಡಿಯಲ್ಲಿ ನಳಿಕೆ ಅಲುಗದಂತೆ ಕೂಡ್ರಬೇಕು. ಇದೆಲ್ಲ ಆದ ಮೇಲೆ ಮಾಮೂಲಿಗಿಂತ ಹೆಚ್ಚು ಮದ್ದು ಹಾಕಿ, ದೂರದಿಂದ ಹಾರಿಸಿ, ತಡೆಯುತ್ತದೆಯೇ ಅಂತ ಪರೀಕ್ಷಿಸುವ ಕ್ರಮ ಇದೆ. ಅದನ್ನೇ ಪ್ರೂಫ್ ಪರೀಕ್ಷೆ ಅನ್ನೋದು. ಕಾರ್ಖಾನೆ ಬಂದೂಕಿನ ಮೇಲೆ ಒತ್ತಿರುವ ಸಣ್ಣ ಮುದ್ರೆಗಳು ಅದರ ಸಾಕ್ಷಿ. ಊರಲ್ಲಿ ಕೂಡ್ರಿಸಿದ ನಳಿಕೆಗೆ ಆ ಪರೀಕ್ಷೆ ಮಾಡುವವರು ನೀವೇ, ಅದೂ ಹೆಗಲಿಗೆ ಹಚ್ಚಿಕೊಂಡು.

ಕಾಯ್ದೆಯ ಕಣ್ಣಿಗೆ ನಳಿಕೆಯೇ ಬಂದೂಕು

ಇದು ಹೆಚ್ಚಿನವರಿಗೆ ಗೊತ್ತಿಲ್ಲ. 1959ರ ಆಯುಧ ಕಾಯ್ದೆ ‘ಬಂದೂಕು’ ಅನ್ನುವ ಮಾತಿನ ಅರ್ಥದೊಳಗೆ ಬಂದೂಕಿನ ಭಾಗಗಳನ್ನೂ ಸೇರಿಸಿದೆ. ಅಂದರೆ ಬಿಡಿ ನಳಿಕೆಯೂ ಕಾಯ್ದೆಗೆ ಬಂದೂಕೇ. ಲೈಸೆನ್ಸಿನಲ್ಲಿ ಇಲ್ಲದ ನಳಿಕೆ ಮನೆಯಲ್ಲಿ ಸಿಕ್ಕರೆ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡ ಕೇಸೇ ಬೀಳುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ 2ರಿಂದ 5 ವರ್ಷ ಜೈಲು. ಆನ್‌ಲೈನಿನಲ್ಲೋ ವಾಟ್ಸಾಪ್ ಗುಂಪಿನಲ್ಲೋ ‘ನಳಿಕೆ ಮಾರಾಟಕ್ಕಿದೆ’ ಅಂತ ಕಂಡರೆ ವಿಚಾರಿಸಲೂ ಹೋಗಬೇಡಿ.

ಉಳಿದ ಮುಖ್ಯ ಅಂಶಗಳು ಇವು:

5ನೇ ಕಲಂ: ಬಂದೂಕು ಮಾಡುವುದಕ್ಕೆ, ಮಾರುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ, ಪರೀಕ್ಷೆ ಮಾಡುವುದಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಇರೋದು ಇಟ್ಟುಕೊಳ್ಳುವ ಲೈಸೆನ್ಸ್, ರಿಪೇರಿ ಮಾಡುವ ಲೈಸೆನ್ಸ್ ಅಲ್ಲ.

6ನೇ ಕಲಂ: ನಳಿಕೆ ಕತ್ತರಿಸಿ ಗಿಡ್ಡ ಮಾಡುವಂತಿಲ್ಲ. 2019ರಿಂದ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದೂ ಇದರೊಳಗೆ ಸೇರಿದೆ. ನುಣುಪು ನಳಿಕೆ ತೆಗೆದು ಗೀರಿನ ನಳಿಕೆ ಹಾಕಿದರೆ ನಿಮ್ಮ ಕೈಯಲ್ಲಿರೋದು ರೈಫಲ್, ಲೈಸೆನ್ಸಿನಲ್ಲಿರೋದು ಎಸ್‌ಬಿಎಂಎಲ್.

8ನೇ ಕಲಂ: ಬಂದೂಕಿನ ಮೇಲಿನ ನಂಬರು, ಗುರುತು ಅಳಿಸುವಂತಿಲ್ಲ, ಬದಲಿಸುವಂತಿಲ್ಲ. ನಂಬರು ತಿದ್ದಿದ ಬಂದೂಕು ಯಾರ ಹತ್ತಿರ ಸಿಗುತ್ತದೋ ಅವರೇ ತಿದ್ದಿದರು ಅಂತ ಭಾವಿಸಲಾಗುತ್ತದೆ. ಅಲ್ಲ ಅಂತ ಸಾಬೀತು ಮಾಡೋ ಭಾರ ಅವರ ಮೇಲೆಯೇ.

ಈ ಮೂರನೆಯದನ್ನು ಬಂದೂಕಿಗೆ ಹಚ್ಚಿ ನೋಡಿ. ನಮ್ಮ ಕೇಪಿನ ಬಂದೂಕುಗಳಲ್ಲಿ ನಂಬರು ಹೆಚ್ಚಾಗಿ ನಳಿಕೆಯ ಮೇಲೇ ಇರುತ್ತದೆ. ನಳಿಕೆ ತೆಗೆದರೆ ನಂಬರೂ ಹೋಯಿತು. ಲೈಸೆನ್ಸಿನಲ್ಲಿ ಬರೆದ ಬಂದೂಕೇ ಇಲ್ಲವಾಯಿತು. ಕಟ್ಟಿಗೆ ಅಜ್ಜನದೇ, ಟ್ರಿಗರ್ ಅಜ್ಜನದೇ ಅಂತ ಹೇಳಿದರೆ ಠಾಣೆಯಲ್ಲಿ ನಡೆಯಲ್ಲ.

5 ಮತ್ತು 6ನೇ ಕಲಂ ಮುರಿದರೆ ಶಿಕ್ಷೆ ಈಗ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ನಾಲ್ಕು ಚೀಲ ಗೋವಿನಜೋಳ ಉಳಿಸಲು ಹೋಗಿ ಇಡೀ ಮನೆತನ ಕೋರ್ಟಿಗೆ ಅಲೆಯುವ ಮಾತು ಇದು.

ಹಾಗಾದರೆ ನಳಿಕೆ ಕೆಟ್ಟರೆ ಏನು ಮಾಡಬೇಕು?

ಮೊದಲು ಹಾರಿಸುವುದನ್ನು ನಿಲ್ಲಿಸಿ. ಬಂದೂಕು, ಲೈಸೆನ್ಸ್ ಪುಸ್ತಕ ಎರಡನ್ನೂ ತೆಗೆದುಕೊಂಡು ರಿಪೇರಿಯ ಲೈಸೆನ್ಸ್ ಇರುವ ಅಂಗಡಿಗೆ ಹೋಗಿ. ‘ನಿಮಗೆ ರಿಪೇರಿಗೆ ಲೈಸೆನ್ಸ್ ಇದೆಯೇ’ ಅಂತ ಕೇಳಲು ಸಂಕೋಚ ಬೇಡ. ಬಂದೂಕು ಬಿಟ್ಟು ಬರೋದಾದರೆ ನಂಬರು ಬರೆದ ರಸೀದಿ ಪಡೆಯಿರಿ, ಅದರ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ.

ನಿಪ್ಪಲ್, ಸ್ಪ್ರಿಂಗ್, ಹ್ಯಾಮರ್, ಕಟ್ಟಿಗೆ ಇಂಥವು ಅಲ್ಲಿ ರಿಪೇರಿ ಆಗುತ್ತವೆ. ನಳಿಕೆಯೇ ಹೋಗಿದೆ ಅಂದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಯುಧ ಲೈಸೆನ್ಸ್ ನೋಡುವ ವಿಭಾಗಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ, ಅದು ಬರುವ ತನಕ ಕೆಲಸ ಶುರು ಮಾಡಿಸಬೇಡಿ. ನನ್ನ ಅನುಭವದಲ್ಲಿ ಹಳೇ ಬಂದೂಕಿಗೆ ನಳಿಕೆ ಹುಡುಕುತ್ತಾ ಅಲೆಯುವುದಕ್ಕಿಂತ, ಅದನ್ನು ಕಾನೂನು ಪ್ರಕಾರ ಒಪ್ಪಿಸಿ, ಅದೇ ಲೈಸೆನ್ಸಿನ ಮೇಲೆ ಬೇರೆ ಬಂದೂಕು ಕೊಳ್ಳಲು ಅನುಮತಿ ಕೇಳುವುದು ಸರಳ ದಾರಿ.

ಒಂದು ಮಾತು ನೆನಪಿಡಿ. ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಬಂದೂಕಿನ ಲೈಸೆನ್ಸ್ ಅನ್ನು ಕಾಯ್ದೆಯ 13ನೇ ಕಲಂ ಹೆಸರಿಟ್ಟು ಹೇಳಿದೆ. ಅದು ಸಾಲದು ಅಂತ ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಮ್ಮಿ ಇಲ್ಲದ ನಳಿಕೆಯ ಬೇರೆ ನುಣುಪು ಬಂದೂಕಿಗೂ ಲೈಸೆನ್ಸ್ ಕೊಡಬಹುದು ಅಂತ ಅದೇ ಕಲಂ ಹೇಳುತ್ತದೆ. ನಿಮ್ಮ ಹೊಲ ಕಾಡಿನ ಅಂಚಿಗಿದೆ, ಪ್ರತಿ ವರ್ಷ ಹಾನಿಯಾಗುತ್ತಿದೆ ಅನ್ನೋದಕ್ಕೆ ಪಹಣಿ, ಹಾನಿಯ ಫೋಟೊ, ಹಿಂದೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಗಳ ಪ್ರತಿ ಇದ್ದರೆ ಆ ಮಾತಿಗೆ ಬಲ ಬರುತ್ತದೆ. ಕಳ್ಳ ದಾರಿಯಲ್ಲಿ ನಳಿಕೆ ಹಾಕಿಸುವ ಬದಲು ಈ ಬಾಗಿಲು ತಟ್ಟಿ.

ಸ್ಕೋಪ್ ಯಾಕೆ ಬೇಡ

ಸ್ಕೋಪ್ ದೂರದ್ದನ್ನು ಹತ್ತಿರ ತೋರಿಸುತ್ತದೆ, ಗುಂಡನ್ನು ನೆಟ್ಟಗೆ ಕಳಿಸಲ್ಲ. ನಲವತ್ತು ಮೀಟರಿಗೇ ಅಂದಾಜು ತಪ್ಪುವ ನಳಿಕೆಯ ಮೇಲೆ ನೂರು ಮೀಟರ್ ತೋರಿಸುವ ಗಾಜು ಕೂಡ್ರಿಸಿದರೆ, ಮುಟ್ಟಲಾಗದ್ದಕ್ಕೆ ಹೊಡೆಯುವ ಆಸೆ ಮಾತ್ರ ಹುಟ್ಟುತ್ತದೆ. ಗುರಿ ತಪ್ಪಿದ ಗುಂಡು ಅಲ್ಲೇ ಬೀಳೋದಿಲ್ಲ, ನೂರಾರು ಮೀಟರ್ ಹಾರುತ್ತದೆ. ಆಚೆ ಹೊಲದಲ್ಲಿ ನೀರು ಕಟ್ಟುತ್ತಿರುವವರು ಇರಬಹುದು.

ಕೂಡ್ರಿಸುವುದರಲ್ಲೂ ತೊಡಕಿದೆ. ಸ್ಕೋಪಿನ ತಳ ಹಿಡಿಸಲು ನಳಿಕೆಗೆ ತೂತು ಕೊರೆಯಬೇಕು. ಅದನ್ನು ಕೊರೆಯುವುದು ಹಿಂಭಾಗದಲ್ಲಿ, ಅಂದರೆ ಒತ್ತಡ ಹೆಚ್ಚಿರುವಲ್ಲಿ. ಮೊದಲೇ ತುಕ್ಕು ತಿಂದ ಗೋಡೆಯನ್ನು ಇನ್ನಷ್ಟು ತೆಳು ಮಾಡಿದಂತೆ. ಹಳೇ ಬಂದೂಕಿನ ಕಟ್ಟಿಗೆ, ನಳಿಕೆಯ ಮೇಲೆ ನೇರ ಕಣ್ಣು ಹಾಯಿಸಲು ಅಂತ ತಗ್ಗಾಗಿ ಮಾಡಿದ್ದು. ಸ್ಕೋಪ್ ಎತ್ತರದಲ್ಲಿರುವುದರಿಂದ ಕೆನ್ನೆ ಕಟ್ಟಿಗೆಗೆ ತಾಗಲ್ಲ. ಕೆನ್ನೆ ಊರದೆ ಹಾರಿಸಿದಾಗ ಬಂದೂಕು ಹಿಂದಕ್ಕೆ ಒದ್ದು ಸ್ಕೋಪಿನ ಅಂಚು ಹುಬ್ಬು ಸೀಳುತ್ತದೆ. ನಿಪ್ಪಲ್ಲಿಗೆ ಕೇಪು ಹಾಕುವಾಗ ಬೆರಳಿಗೂ ಅಡ್ಡ. ಪ್ರತಿ ಸಲ ಸಿಡಿಯುವ ಬಿಸಿ ಮಸಿ ಗಾಜಿನ ಪಕ್ಕದಲ್ಲೇ.

ರಾತ್ರಿಗೆ ಉಪಯೋಗ ಆಗುತ್ತದಾ ಅಂತ ಕೇಳ್ತೀರಿ. ಲೆಕ್ಕ ನೋಡಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 3–9×40 ಸ್ಕೋಪಿನಲ್ಲಿ 40 ಅನ್ನೋದು ಮುಂದಿನ ಗಾಜಿನ ಮಿಲಿಮೀಟರ್ ಅಗಲ, 9 ಅನ್ನೋದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನೋದು. 40ನ್ನು 9ರಿಂದ ಭಾಗಿಸಿದರೆ ಸುಮಾರು 4.4 ಮಿಲಿಮೀಟರ್ ಬೆಳಕಿನ ಕಿಂಡಿ. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ 7 ಮಿಲಿಮೀಟರಿನಷ್ಟು ಅರಳುತ್ತದೆ. ಹೆಚ್ಚು ಹಿಗ್ಗಿಸಿದಷ್ಟೂ ಕತ್ತಲೆ. ನೋಟದ ಅಗಲವೂ ಕಮ್ಮಿಯಾಗಿ, ಇಪ್ಪತ್ತು ಮೀಟರ್ ದೂರದಲ್ಲಿ ಓಡುವ ಹಂದಿ ಗಾಜಿನೊಳಗೆ ಸಿಗೋದೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಇದು. ಸ್ಕೋಪಿನಲ್ಲಿ ‘ಏನದು’ ಅಂತ ನೋಡಬೇಕಾದರೆ ಬಂದೂಕನ್ನೇ ಅದರ ಕಡೆ ತಿರುಗಿಸಬೇಕು. ಜೋಳದ ನಡುವೆ ಅಲುಗಿದ್ದು ಹಂದಿಯೋ, ಕಾವಲಿಗೆ ಬಂದ ಪಕ್ಕದ ಹೊಲದ ಕಾಕಾನೋ ತಿಳಿಯುವ ಮುಂಚೆಯೇ ಬಂದೂಕಿನ ಬಾಯಿ ಅತ್ತ ತಿರುಗಿರುತ್ತದೆ. ಹಂದಿ ಅಂದುಕೊಂಡು ಮನುಷ್ಯರಿಗೆ ಗುಂಡು ತಾಗಿದ ಸುದ್ದಿ ಮಲೆನಾಡಿನಿಂದ ಆಗಾಗ ಬರುತ್ತಲೇ ಇರುತ್ತದೆ. ನೋಡುವ ಕೆಲಸ ಬ್ಯಾಟರಿಗೆ ಬಿಡಿ. ಸ್ಕೋಪಿಗೆ ಇಟ್ಟ ದುಡ್ಡಿನಲ್ಲಿ ಒಳ್ಳೆಯ ಹೆಡ್‌ಲೈಟ್ ಬರುತ್ತದೆ.

ಲೈಸೆನ್ಸ್ ಇದೆ ಅಂದರೆ ಕೊಲ್ಲಬಹುದು ಅಂತಲ್ಲ

ಬೆಳೆ ರಕ್ಷಣೆಯ ಬಂದೂಕು ಇಟ್ಟುಕೊಳ್ಳುವ ಹಕ್ಕು ಬೇರೆ, ಕಾಡುಪ್ರಾಣಿ ಕೊಲ್ಲುವ ಹಕ್ಕು ಬೇರೆ. ಎರಡನೆಯದನ್ನು ನೋಡೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ 2ನೇ ಪಟ್ಟಿಯಲ್ಲಿದೆ. ಬೆಳೆಗೆ ಹಾನಿ ಮಾಡುತ್ತಿದೆ ಅಂತ ಮನವರಿಕೆಯಾದರೆ 11ನೇ ಕಲಂ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅರಣ್ಯಾಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಅನುಮತಿ ಪಡೆದು ಕೊಂದರೂ ಪ್ರಾಣಿ ಸರ್ಕಾರದ ಸೊತ್ತು, ಮಾಂಸ ಹಂಚಿಕೊಳ್ಳುವಂತಿಲ್ಲ.

ನವಿಲು, ಕೃಷ್ಣಮೃಗ ಎರಡೂ 1ನೇ ಪಟ್ಟಿಯವು. ನಮ್ಮ ಜಿಲ್ಲೆಯಲ್ಲೇ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದೆ, ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ನವಿಲುಧಾಮ ಇದೆ. ಇವುಗಳಿಗೆ ಗುಂಡು ತಾಗಿದರೆ ಶಿಕ್ಷೆ 3ರಿಂದ 7 ವರ್ಷ. ಶೇಂಗಾ ಕೆದರುವ ನವಿಲಿನ ಮೇಲೆ ಚರೆ ಹಾರಿಸುವ ಯೋಚನೆಯೇ ಬೇಡ.

ಹೀಗಾಗಿ ನಮ್ಮ ಬಂದೂಕಿನ ನಿಜವಾದ ಕೆಲಸ ಸದ್ದು. ಗುಂಡಿಲ್ಲದೆ ಬರೀ ಮದ್ದಿನ ಸದ್ದಿಗೆ ಗೀರಿನ ನಳಿಕೆಯೂ ಬೇಡ, ಸ್ಕೋಪೂ ಬೇಡ. ಗಟ್ಟಿ, ಸ್ವಚ್ಛ ನಳಿಕೆ ಇದ್ದರೆ ಸಾಕು. ಸದ್ದಿಗೂ ಪ್ರಾಣಿ ಹೊಂದಿಕೊಳ್ಳುತ್ತದೆ, ಅದಕ್ಕೇ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಹಾರಿಸಬೇಡಿ. ಬೆಳೆ ಹಾನಿಯಾದರೆ ತಡಮಾಡದೆ ಫೋಟೊ ಸಮೇತ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಪರಿಹಾರದ ಅರ್ಜಿಗಳನ್ನು ಇಲಾಖೆ ಇ-ಪರಿಹಾರ ವ್ಯವಸ್ಥೆಯಲ್ಲಿ ನೋಡುತ್ತದೆ. ಸಹಾಯವಾಣಿ 1926.

ಅಜ್ಜನ ಬಂದೂಕು ಯಾರ ಹೆಸರಿನಲ್ಲಿದೆ?

ನಳಿಕೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಲೈಸೆನ್ಸ್ ಅಜ್ಜನದ್ದು, ಅಜ್ಜ ತೀರಿಕೊಂಡು ನಾಲ್ಕು ವರ್ಷ, ಬಂದೂಕು ಮನೆಯಲ್ಲೇ. ಹೀಗಿದ್ದರೆ ಅದು ಇವತ್ತೇ ಲೈಸೆನ್ಸ್ ಇಲ್ಲದ ಬಂದೂಕು. 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರಾಗಿ ನಿಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ನಿಮಗೆ 21 ವರ್ಷ ತುಂಬಿರಬೇಕು. ಲೈಸೆನ್ಸ್‌ದಾರರು ಬದುಕಿದ್ದಾಗಲೂ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು 2016ರ ಆಯುಧ ನಿಯಮಗಳಲ್ಲಿ ಅವಕಾಶ ಇದೆ. ಹಿರಿಯರು ಗಟ್ಟಿ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳೋದು ಜಾಣತನ.

ಈಗ ಲೈಸೆನ್ಸಿನ ಅವಧಿ 5 ವರ್ಷ. ಮುಗಿಯುವ ಎರಡು–ಮೂರು ತಿಂಗಳ ಮೊದಲೇ ನವೀಕರಣದ ಅರ್ಜಿ ಹಾಕಿ, ಫೋನಿನ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿಕೊಳ್ಳಿ. ಚುನಾವಣೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸಲು ಆದೇಶ ಬಂದರೆ ಒಪ್ಪಿಸಿ, ರಸೀದಿ ಇಟ್ಟುಕೊಳ್ಳಿ.

ಪದೇ ಪದೇ ಬರುವ ಮೂರು ಪ್ರಶ್ನೆ

*ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ, ನಮಗ್ಯಾಕೆ?*
ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಹಾವೇರಿ ಜಿಲ್ಲೆಯ ನಮಗೆ ಅದು ಹೊಂದುವುದಿಲ್ಲ.

*ಬಂದೂಕು ನನ್ನ ಹೆಸರಲ್ಲಿದೆ. ರಾತ್ರಿ ತಮ್ಮನ ಕೈಗೆ ಕೊಟ್ಟು ಹೊಲಕ್ಕೆ ಕಳಿಸಬಹುದಾ?*
ಬೇಡ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರ ಕೈಯಲ್ಲೇ ಇರಲಿ. ನೀವು ಹೋಗದ ರಾತ್ರಿ ಬಂದೂಕು ಬೀಗದೊಳಗೆ, ಮದ್ದು–ಕೇಪು ಬೇರೆ ಬೀಗದೊಳಗೆ ಇರಲಿ.

*ಮದುವೆ ಮೆರವಣಿಗೆಯಲ್ಲಿ, ಜಾತ್ರೆಯಲ್ಲಿ ಒಂದು ಬಾರು ಹಾರಿಸಿದರೆ?*
ಸಂಭ್ರಮಕ್ಕೆ ಅಂತ ಇನ್ನೊಬ್ಬರಿಗೆ ಅಪಾಯವಾಗುವಂತೆ ಗುಂಡು ಹಾರಿಸುವುದು 2019ರಿಂದ ಪ್ರತ್ಯೇಕ ಅಪರಾಧ. 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಅಥವಾ ಎರಡೂ. ಯಾರಾದರೂ ಅದರ ವಿಡಿಯೊ ಸ್ಟೇಟಸ್‌ಗೆ ಹಾಕಿದರೆ ಸಾಕ್ಷಿಯನ್ನು ನೀವೇ ಕೊಟ್ಟಂತೆ.

ಈ ವಾರ ಮಾಡಬೇಕಾದದ್ದು

ಲೈಸೆನ್ಸ್ ಪುಸ್ತಕ ತೆಗೆದು ಹೆಸರು, ಅವಧಿ, ಬಂದೂಕಿನ ನಂಬರು ನೋಡಿ. ನಂಬರು ನಳಿಕೆಯ ಮೇಲಿನ ನಂಬರಿಗೆ ಹೊಂದುತ್ತದಾ ಅಂತ ತಾಳೆ ಹಾಕಿ. ಗಜ ಇಳಿಸಿ ಖಾಲಿ ಇದೆಯಾ ನೋಡಿ. ಒಳಗೆ ತುಕ್ಕು ಕಂಡರೆ ಹಾರಿಸದೆ ಅಂಗಡಿಗೆ ತೋರಿಸಿ. ಇಷ್ಟು ಮಾಡಲು ಒಂದು ಮುಂಜಾನೆ ಸಾಕು. ಸುಗ್ಗಿ ಮುಗಿಯುವ ತನಕ ರಾತ್ರಿ ಕಾವಲು ಇದ್ದೇ ಇರುತ್ತದೆ. ಬೆಳಿಗ್ಗೆ ಎರಡೂ ಕಣ್ಣು, ಹತ್ತೂ ಬೆರಳು ಜೊತೆಗೆ ಮನೆಗೆ ಬರ್ರಿ.

ಮುಂದಿನ ವಾರ ಸೌರ ಬೇಲಿ ಬಗ್ಗೆ ಬರೀತೀನಿ. ಕರೆಂಟಿನ ತಂತಿಯಿಂದ ನೇರವಾಗಿ ಬೇಲಿಗೆ ವಿದ್ಯುತ್ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಲ್ಲಿತನಕ ಕಾಯಬ್ಯಾಡ್ರಿ, ಇವತ್ತೇ ತೆಗೀರಿ.